ಸ್ಟೆನೋ ಅಕ್ಕ ಎಳೆದ ಅಡ್ಡಗೆರೆ

ಶಾಸಕರ ಸಮಿತಿಯ ಕೋಣೆಯಲ್ಲಿ ಅವಳು ಎಲ್ಲರಿಗೂ ಸ್ಟೆನೋ ಅಕ್ಕ. ಇಪ್ಪತ್ತಾರು ವರ್ಷಗಳಿಂದ ಸದಸ್ಯರ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಇಳಿಸುತ್ತಿದ್ದಳು. ಅವರ ಕೆಮ್ಮೊಂದನ್ನು ಬಿಟ್ಟು ಏನನ್ನೂ ಬಿಟ್ಟವಳಲ್ಲ. ಭಯೋತ್ಪಾದನೆ ತಡೆ ಕಾಯ್ದೆಯಡಿ ಅವಳ ತಮ್ಮನನ್ನು ಹಿಡಿದೊಯ್ದು ಐದು ತಿಂಗಳಾಗಿತ್ತು. ಆರೋಪಪಟ್ಟಿ ಬರದಿದ್ದರೆ ಇನ್ನೊಂದು ತಿಂಗಳಲ್ಲಿ ಬಿಡಲೇಬೇಕಿತ್ತು. ಆ ಗಡುವನ್ನು ವರ್ಷಕ್ಕೆ ಏರಿಸುವ ತಿದ್ದುಪಡಿ ಅಂದು ಚರ್ಚೆಗೆ ಬಂತು.

ತಮ್ಮನ ಜೊತೆ ಓದಿ, ವಕೀಲನಾಗಿ, ಈಗ ಶಾಸಕನಾದವನೊಬ್ಬ ಸಮಿತಿಯಲ್ಲಿದ್ದ. "ನಾನಿರೋವಾಗ ಇದು ಪಾಸಾಗಲ್ಲ ಅಕ್ಕಾ" ಎಂದು ಹಿಂದಿನ ದಿನವೇ ಮನೆಗೆ ಬಂದು ಹೇಳಿದ್ದ. ಹೇಳಿದಂತೆ ಹತ್ತು ನಿಮಿಷ ಬೆಂಕಿ ಉಗುಳಿದ. ಅವಳ ಕಣ್ಣು ಮಂಜಾದರೂ ಕೈ ನಿಲ್ಲಲಿಲ್ಲ.

ಚಹಾ ಕುಡಿದು ಬಂದವನೇ ಮತ್ತೆ ಎದ್ದ. "ನನ್ನ ಆಕ್ಷೇಪ ವಾಪಸ್ ತಗೋತೀನಿ. ಕಡತದಿಂದಲೂ ತೆಗೆದುಬಿಡಿ." ಅವಳತ್ತ ನೋಡಲಿಲ್ಲ.

ಅಧ್ಯಕ್ಷರು ತಲೆಯಾಡಿಸಿದರು. ಅಪ್ಪಣೆಯಾದ ಮೇಲೆ ಹೊಡೆದುಹಾಕಬೇಕಾದವಳು ಅವಳೇ. ಅವನ ಮಾತು ಬರೆದುಕೊಂಡ ನಾಲ್ಕು ಪುಟಗಳ ಮೇಲೂ ಅಡ್ಡಗೆರೆ ಎಳೆದಳು. ನಂಬಿಸಿ ಕತ್ತು ಕೊಯ್ಯುವವರನ್ನು ಈ ಕೋಣೆಯಲ್ಲಿ ಬೇಕಾದಷ್ಟು ಕಂಡಿದ್ದಳು. ಕತ್ತಿಯನ್ನು ಅವಳ ಕೈಗೇ ಕೊಟ್ಟವನು ಇವನೊಬ್ಬನೇ.

"ಸರ್ವಾನುಮತದಿಂದ ಒಪ್ಪಿದೆ ಅಂತ ಬರ್ಕೊಳ್ಳಮ್ಮ" ಎಂದರು ಅಧ್ಯಕ್ಷರು.

ಬರೆದುಕೊಂಡಳು. ಒಂದಕ್ಷರವೂ ತಪ್ಪಲಿಲ್ಲ.