ಮೊದಲ ಲೋಟದ ನೀರು

ಉಮದಿಯ ಮೊದಲ ಬಸ್ಸು ವಿಜಯಪುರದ ಕಡೆ ಹೊರಳುವ ಹೊತ್ತಿಗೆ ದಾಕ್ಷಾಯಣಿ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತಾಗಿದೆ. ಮಡಿಲಲ್ಲಿ ಸ್ಟೀಲಿನ ಲೋಟ, ಕೈಯಲ್ಲಿ ಹೆಸರು ಕೊರೆಯುವ ಮಷೀನು. ಅದರ ಮೊನೆ ಲೋಹಕ್ಕೆ ತಾಗಿದೊಡನೆ ಲೋಟ ಜೇನುಹುಳದಂತೆ ಗುಂಯ್‌ಗುಡುತ್ತದೆ. ಈಗ ಇಲ್ಲದ ಮನುಷ್ಯರೊಬ್ಬರು ಚುಕ್ಕೆ ಚುಕ್ಕೆಯಾಗಿ ಮೂಡಿ ಬರುತ್ತಾರೆ. ಎಷ್ಟು ನೋಡಿದರೂ ಕಣ್ಣು ಕೀಳಲಾಗುವುದಿಲ್ಲ.

ಇಲ್ಲಿನ ಎಷ್ಟೋ ಮನೆಗಳಲ್ಲಿ ತೀರಿಕೊಂಡವರ ವರ್ಷದ ಕಾರ್ಯಕ್ಕೆ ಬಂದವರಿಗೆಲ್ಲ ಅವರ ಹೆಸರಿನ ಲೋಟ ಹಂಚುತ್ತಾರೆ. ಕೊರೆಯುವ ಕೆಲಸ ಗಂಡ ಶಿವಶರಣರದಾಗಿತ್ತು. ಅವರು ಹೋದ ಮೇಲೆ ದಾಕ್ಷಾಯಣಿ ಕೊರೆದ ಮೊದಲ ಹೆಸರು ಅವರದೇ. "ಒಂದ ಹೆಸರಿಗೆ ಮಧ್ಯಾಹ್ನ ಆತ್ರಿ. ಕಣ್ಣೀರ ಬಿದ್ದಲ್ಲಿ ಮೊನಿ ಜಾರತಿತ್ತು," ಎಂದು ನಗುತ್ತಾರೆ. ಈಗ ದಿನಕ್ಕೆ ನೂರರ ಮೇಲೆ ಕೊರೆಯುತ್ತಾರೆ. ಸಂಜೆ ಮುಷ್ಟಿ ಬಿಚ್ಚಲು ಬಿಸಿನೀರು ಬೇಕು.

ಅವರದೊಂದು ಸ್ವಂತ ಪದ್ಧತಿಯಿದೆ. ಪ್ರತಿ ಮನೆಯ ಮೊದಲ ಲೋಟವನ್ನು ಹಂಚುವುದಿಲ್ಲ; ಅದು ಆ ಮನೆಯಲ್ಲೇ ಉಳಿಯಬೇಕಾದ ಲೋಟ. ಹೆಸರು ಕೊರೆದೊಡನೆ ಅದಕ್ಕೆ ನೀರು ತುಂಬಿ ಪಕ್ಕದಲ್ಲಿಡುತ್ತಾರೆ. "ಹೆಸರಿನವರು ದೂರದಿಂದ ಬಂದಿರತಾರ್ರಿ. ಬಂದವರಿಗೆ ಮೊದಲ ನೀರ ಕೊಡಬೇಕಲ್ಲ."

ಹೋದ ವರ್ಷ ಈ ಪದ್ಧತಿಯೇ ಅವರನ್ನು ತಪ್ಪಿಗೆ ನೂಕಿತು. ಒಂದೇ ದಿನ ಎರಡು ಮನೆಯ ಕೆಲಸ. ಸೊರಡಿಯ ಬೀರವ್ವನ ಲೋಟ, ಮುಚ್ಚಂಡಿಯ ಹುಡುಗ ಅನಿಲನ ಲೋಟ ಅಕ್ಕಪಕ್ಕ ನೀರು ತುಂಬಿ ನಿಂತಿದ್ದವು. ಸಂಜೆ ನೀರು ಚೆಲ್ಲಿ ಚೀಲಕ್ಕೆ ಹಾಕುವಾಗ ಅದಲುಬದಲಾದವು.

ತಿಂಗಳ ಮೇಲೆ ಬೀರವ್ವನ ಮಗಳು ಶೀತಲ ಕಟ್ಟೆಯ ಮುಂದೆ ಬಂದು ನಿಂತಳು. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸು. "ಎಲ್ಲಾ ಲೋಟ ಹಂಚಿಬಿಟ್ಟೀವಿ. ಮನ್ಯಾಗ ಉಳಿದದ್ದು ಇದೊಂದ. ಇವ ಯಾವ ಅನಿಲ? ನಮ್ಮವ್ವನ ಯಾರ ಮನಿಗೆ ಕಳಸೀರಿ?"

ದಾಕ್ಷಾಯಣಿ ಮಷೀನು ಸುತ್ತಿಟ್ಟು ಅವಳೊಡನೆ ಮುಚ್ಚಂಡಿಯ ಬಸ್ಸು ಹತ್ತಿದರು.

ಅನಿಲನ ತಾಯಿ ಮಲಕವ್ವನ ಮನೆಯ ಗೋಡೆಯ ಗೂಡಿನಲ್ಲಿ ಬೀರವ್ವನ ಲೋಟ ತುಂಬಿದ ನೀರಿನೊಂದಿಗೆ ನಿಂತಿತ್ತು. "ಹೆಸರ ಬ್ಯಾರೆ ಅಂತ ಲೋಟ ಬಂದ ದಿನಾನ ತಿಳೀತು," ಎಂದರು ಮಲಕವ್ವ. "ಕಳಸಾಕ ಹೊಂಟಿದ್ದೆ. ಯಾರದೋ ಮನಿ ಹೆಣ್ಣಮಗಳು, ನೀರ ಕೊಡದ ಹ್ಯಾಂಗ ಕಳಸೂದು ಅಂತ ತುಂಬಿಟ್ಟೆ. ಮರುದಿನಾನೂ ತುಂಬಿದೆ. ಆಮ್ಯಾಲ ಮನಸ ಬರಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದರು: "ನಮ್ಮ ಅನಿಲಗ ನೀರ ಕೊಟ್ಟಿಯೇನ, ತಂಗಿ?"

ಶೀತಲ ಅನಿಲನ ಲೋಟವನ್ನು ಮನೆಯಲ್ಲಿ ಸಿಟ್ಟಿನಿಂದ ಅಟ್ಟಕ್ಕೆ ಎಸೆದಿಟ್ಟಿದ್ದಳು. ಈಗ ಚೀಲದಿಂದ ಅದನ್ನು ತೆಗೆದಳು, ಸೆರಗಿಲ್ಲದ ಕಾರಣ ದುಪ್ಪಟ್ಟಾದಲ್ಲೇ ಒರೆಸಿದಳು, ಕೊಡದಲ್ಲಿ ಅದ್ದಿ ತುಂಬಿದಳು. ಅವಳ ಮುಖದಿಂದ ಹನಿಯೊಂದು ಅದರೊಳಗೆ ಬಿತ್ತು.

"ಅಳಬ್ಯಾಡ," ಎಂದರು ಮಲಕವ್ವ. "ಉಪ್ಪ ಆಗತೈತಿ. ಅವಗ ಉಪ್ಪ ಹೆಚ್ಚಾದ್ರ ತಾಟ ಬೀಸಿ ಒಗೀತಿದ್ದ."

ಇಬ್ಬರೂ ಒಮ್ಮೆಲೇ ನಕ್ಕರಂತೆ.

ಲೋಟಗಳು ತಮ್ಮ ತಮ್ಮ ಮನೆ ಸೇರಿವೆ. ಸಂತೆಯ ದಿನ ಶೀತಲ, ಮಲಕವ್ವ ಇಬ್ಬರೂ ಈ ಕಟ್ಟೆಗೆ ಬಂದು ಕೂತು, ಒಂದೇ ಬುತ್ತಿ ಬಿಚ್ಚುತ್ತಾರೆ. ದಾಕ್ಷಾಯಣಿ ಈಗ ಎರಡು ಮನೆಯ ಕೆಲಸ ಒಂದೇ ದಿನ ಹಿಡಿಯುವುದಿಲ್ಲ.

"ಇನ್ನೊಮ್ಮಿ ತಪ್ಪ ಆಗಬಾರದ್ರಿ," ಎನ್ನುತ್ತಾರೆ, ಹೊಸ ಹೆಸರಿನ ಮೇಲೆ ಹೆಬ್ಬೆರಳು ಆಡಿಸುತ್ತ. ಮಷೀನು ಮತ್ತೆ ಹಚ್ಚುವ ಮೊದಲು ತಡೆದು ಹೇಳುತ್ತಾರೆ: "ಆದ್ರ ನಾ ಹೋದಾಗ ನನ್ನ ಮೊದಲ ಲೋಟ ತಪ್ಪಿ ಬ್ಯಾರೆ ಮನಿಗೆ ಹೋಗಲಿ."