ಉಗುರಿನ ಗೀರು ಬಿದ್ದ ಗುಂಡು

ಗಿರಿಜಾ, ಈರಣ್ಣ, ಮಕ್ಕಳೇ, ಇದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ನಮ್ಮ ಓಣಿಯಲ್ಲಿ ಮೈಬುಸಾಬರು ಅಂತ ಒಬ್ಬರು ಬೇಟೆಗಾರರಿದ್ದರು. ಚಿಗರಿ ಜಿಂಕೆ ಹೊಡೆದ ದಿನ ನಮ್ಮ ಮನೆಗೆ ಮಾಂಸದ ಪಾಲು ಕಳಿಸುತ್ತಿದ್ದರು. ಮರುದಿನ ಬೆಳಗ್ಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಾರು ಹೇಗಾಗಿತ್ತು ಅಂತ ಒಂದು ದಿನವೂ ಕೇಳಿದವರಲ್ಲ. ಕೇಳುತ್ತಿದ್ದದ್ದು ಒಂದೇ ಮಾತು.

"ನೀಲಕ್ಕ, ಗುಂಡು ಎಲ್ಲಿ ಸಿಕ್ತು?"

ನೀಲಕ್ಕ ಅಂದರೆ ನನ್ನ ಅತ್ತೆ. ಅವರು ನಗುತ್ತಿದ್ದರು. "ಮಂದಿ ಎಲುಬಿನಾಗ ಮಜ್ಜಿ ಹುಡುಕ್ತಾರ, ನೀ ಸೀಸ ಹುಡುಕ್ತಿ ನೋಡು."

"ಒಳಗ ಹೋದ ಗುಂಡಿಗೆ ಬಾಯಿಲ್ಲಬೇ. ಅದರ ಮಾರಿ ನೋಡೇ ತಿಳ್ಕೋಬೇಕು."

ಆಗ ನಾನು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಹಿರಿಯರ ಮುಂದೆ ಸೊಸೆ ಬಾಯಿ ಬಿಡುವ ರೂಢಿ ಇರಲಿಲ್ಲ, ನನಗೋ ಮೊದಲೇ ಸಂಕೋಚ. ಆದರೆ ಮಾಂಸ ಹಸನು ಮಾಡುತ್ತಿದ್ದವಳು ನಾನೇ. ಎದೆಯ ಭಾಗವನ್ನು ಮೈಬುಸಾಬರು ಬೇಕೆಂದೇ ನಮ್ಮ ಮನೆಗೆ ಹಾಕುತ್ತಿದ್ದರು. "ಗಂಡಸರು ಕೊಡ್ಲಿಲೆ ಕಡದು ಗುರುತು ಕೆಡಿಸ್ತಾರ, ಹೆಣ್ಮಕ್ಕಳು ಎಳಿ ಎಳಿ ಬಿಡಿಸಿ ನೋಡ್ತಾರ" ಅನ್ನುತ್ತಿದ್ದರು. ನಾನು ಗುಂಡನ್ನು ತೊಳೆದು, ತೂತು ಬಿದ್ದ ಪಕ್ಕೆಲುಬಿನ ಜೊತೆ ತಾಟಿನಲ್ಲಿಟ್ಟು, ಅದು ಹೊಕ್ಕ ದಾರಿಯನ್ನು ಒಂದು ಜೋಳದ ಕಡ್ಡಿಯಿಂದ ತೋರಿಸುವ ಹಾಗೆ ಜೋಡಿಸಿ ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದೆ. ಅವರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ, "ಶಾಬಾಸ್ ಬೇಟಿ, ಛಲೋ ಇಟ್ಟಿ" ಅನ್ನುತ್ತಿದ್ದರು. ನಮ್ಮಿಬ್ಬರ ಮಾತುಕತೆ ಅಂದರೆ ಅಷ್ಟೇ.

ಎತ್ತರದ, ಒಣಗಿದ ಆಳು. ಗಡ್ಡ ಅರ್ಧ ಬೆಳ್ಳಗಾಗಿತ್ತು, ಮದ್ದು ತುಂಬಿ ತುಂಬಿ ಬಲಗೈ ಬೆರಳು ಕಪ್ಪಾಗಿದ್ದವು. ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ಹುಲಿಹೈದರಕ್ಕೆ ಕೊಟ್ಟಿದ್ದರು. ಬಂದೂಕು ಅವರದ್ದಲ್ಲ, ಊರ ಗೌಡರದ್ದು. ಜೋಳ ಹಾಲುತೆನೆಗೆ ಬಂದಾಗ ಕಪ್ಪು ಮಣ್ಣಿನ ಯರಿ ಹೊಲಕ್ಕೆ ಚಿಗರಿ ಹಿಂಡು ನುಗ್ಗುತ್ತಿತ್ತು. ಅದನ್ನು ಕಾಯಲಿಕ್ಕೆ ಗೌಡರು ಇವರ ಕೈಗೆ ಕೊಟ್ಟಿದ್ದರು. ಹೆಣ್ಣು ಚಿಗರಿಗೆ ಇವರು ಗುರಿ ಇಡುತ್ತಿರಲಿಲ್ಲ. ಹೊಡೆದದ್ದು ಅಲ್ಲೇ ಬೀಳಬೇಕು, ಆದರೆ ತಾವು ಓಡಿಹೋಗಿ ಅಲ್ಲಾನ ಹೆಸರು ಹೇಳಿ ಚೂರಿ ಇಡುವ ತನಕ ಅದಕ್ಕೆ ಉಸಿರಿರಬೇಕು. ಉಸಿರು ಹೋಗಿದ್ದರೆ ಆ ಮಾಂಸವನ್ನು ತಾವು ಮುಟ್ಟದೆ ಪೂರ್ತಿ ನಮ್ಮಂಥವರ ಮನೆಗೆ ಹಂಚುತ್ತಿದ್ದರು. ಬೀಳಿಸಬೇಕು, ಆದರೆ ಒಂದು ಗಳಿಗೆ ಉಳಿಸಬೇಕು. ಅಂಥ ಗುಂಡು ಯಾವುದು ಅನ್ನುವುದೇ ಅವರ ಜೀವಮಾನದ ವಿಚಾರ.

ಸಿಕ್ಕ ಗುಂಡುಗಳನ್ನೆಲ್ಲ ಒಂದು ನಶ್ಯದ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಕೆಲವೊಮ್ಮೆ ನಮ್ಮ ಕಟ್ಟೆಯ ಮೇಲೆ ಸುರುವಿ ಅತ್ತೆಗೆ ತೋರಿಸುತ್ತಿದ್ದರು, ನಾನು ಕಿಟಕಿಯಿಂದ ನೋಡುತ್ತಿದ್ದೆ. ಪಕ್ಕೆಲುಬಿಗೆ ಬಿದ್ದದ್ದು ಹೆಬ್ಬೆರಳಿಂದ ಒತ್ತಿದ ಕಡುಬಿನ ಹಾಗೆ ಚಪ್ಪಟೆಯಾಗಿರುತ್ತಿತ್ತು. ಭುಜದ ಎಲುಬಿಗೆ ಬಡಿದದ್ದು ಜೋಳದ ಅರಳಿನ ಹಾಗೆ ಬಾಯಿ ಬಿಟ್ಟಿರುತ್ತಿತ್ತು. ಒಂದು ಮಾತ್ರ ಅಚ್ಚಿನಿಂದ ಈಗ ತೆಗೆದ ಹಾಗೆ ದುಂಡಗಿತ್ತು. "ಇದು ಹೊಟ್ಟಿಗೆ ಬಿದ್ದದ್ದು. ನನ್ನ ತಪ್ಪು. ಅದಕ್ಕ ಇಟ್ಟೀನಿ" ಅಂದಿದ್ದರು. ಸೀಸ ಮೆತ್ತಗಿರಬೇಕು, ಉಗುರು ಇಟ್ಟರೆ ಗೀರು ಬೀಳಬೇಕು. ಮೆತ್ತಗಿನ ಗುಂಡು ಒಳಗೆ ಹೋಗಿ ಅರಳಿ ನಿಲ್ಲುತ್ತದೆ, ಗಟ್ಟಿಯಾದದ್ದು ಹಾಯ್ದು ಹೋಗಿಬಿಡುತ್ತದೆ. ಇದನ್ನೂ ನಾನು ಕಿಟಕಿಯಿಂದಲೇ ಕಲಿತದ್ದು. ಪೂರ್ತಿ ಕಲಿತಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ದೊಡ್ಡ ಯುದ್ಧ ನಡೆದಿದ್ದ ಕಾಲ. ಗಂಗಾವತಿ ಪೇಟೆಯಲ್ಲಿ ಸೀಸ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೈಬುಸಾಬರು ಅಡಿಕೆಯಷ್ಟು ದಪ್ಪದ ನಾಲ್ಕು ಚೂರು ತಂದು, ನಮ್ಮ ಹಿತ್ತಲ ನೀರೊಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಇಟ್ಟು, "ಕರಗಲಿ, ನಮಾಜು ಮುಗಿಸಿ ಬರ್ತೀನಿ" ಅಂದು ಹೋದರು. ಇಣುಕಿ ನೋಡಿದೆ. ನಾಲ್ಕು ಗುಂಡಿಗೂ ಸಾಲದು ಅನ್ನಿಸಿತು. ಪಾಪ ಅನ್ನಿಸಿತು. ಹಿಂದಿನ ವಾರ ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದವನು ತವರದ ಒಂದು ತುಂಡು ಬಿಟ್ಟು ಹೋಗಿದ್ದ. ಅದೂ ಬಿಳಿ, ಇದೂ ಬಿಳಿ. ಅದೂ ಕರಗುತ್ತದೆ, ಇದೂ ಕರಗುತ್ತದೆ. ತಂದು ಸೌಟಿನಲ್ಲಿ ಹಾಕಿಬಿಟ್ಟೆ.

ಅವರು ಬಂದು ಅಚ್ಚಿಗೆ ಹೊಯ್ದರು. ಆರು ಗುಂಡು ಬಂದವು. "ಅರೇ ನೀಲಕ್ಕ, ಈ ಸಲ ಬೆಳ್ಳಿ ಹಂಗ ಬಂದಾವ ನೋಡು!" ಅಷ್ಟರಲ್ಲಿ ಗೌಡರ ಆಳು ಕೂಗಿದ, ಹಿಂಡು ಬಂದಿದೆ ಅಂತ. ಆರುವ ಮೊದಲೇ ಅರಿವೆಯಲ್ಲಿ ಕಟ್ಟಿಕೊಂಡು ಓಡಿದರು. ಒಳಗೆ ನಾನು ಹಿಗ್ಗುತ್ತಿದ್ದೆ.

ಆಮೇಲೆ ಮೂರು ದಿನ ಅವರು ಬರಲಿಲ್ಲ. ನಾಲ್ಕನೆಯ ದಿನ ಬಂದು ಕಟ್ಟೆಯ ಮೇಲೆ ಕೂತರು, ಬಂದೂಕು ತೊಡೆಯ ಮೇಲಿತ್ತು. ಮುಖ ಇಳಿದಿತ್ತು.

"ಕರಿ ಗಂಡು ಚಿಗರಿ, ನೀಲಕ್ಕ. ಎದಿಗೇ ಬಿತ್ತು ಅಂತ ನನ್ನ ಕಣ್ಣು ಹೇಳ್ತು. ಜಿಗದು ಓಡಿಹೋತು. ನೆಲದ ಮ್ಯಾಲ ನಾಕೇ ಹನಿ ರಕ್ತ. ಇವತ್ತು ಹಳ್ಳದ ಆಚಿ ರಣಹದ್ದು ಇಳಿದಿದ್ವು, ಹೋಗಿ ನೋಡಿದ್ರ ಕೋಡು ಬಿಟ್ಟು ಏನೂ ಉಳಿದಿಲ್ಲ. ಎದಿಗೆ ಬಿದ್ದಿದ್ರ ಅಷ್ಟು ದೂರ ಹೋಗ್ತಿತ್ತೇನು? ಹೊಟ್ಟಿಗೇ ಬಿದ್ದೈತಿ. ನನ್ನ ಕಣ್ಣು ಸುಳ್ಳು ಹೇಳಾಕ ಹತ್ಯಾವ. ಬಂದೂಕು ಗೌಡರಿಗೆ ಒಪ್ಪಿಸಿಬಿಡ್ತೀನಿ."

"ವಯಸ್ಸಾತು, ಬಿಡಪ್ಪ" ಅಂದರು ಅತ್ತೆ.

ಕದದ ಹಿಂದೆ ನಿಂತಿದ್ದ ನನಗೆ ಸೌಟಿಗೆ ಹಾಕಿದ್ದು ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಎದ್ದು ಬಂದೂಕು ಹೆಗಲಿಗೆ ಹಾಕಿಕೊಂಡರು. ನಾನು ಸೆರಗು ಎಳೆದುಕೊಂಡು ಹೊಸ್ತಿಲು ದಾಟಿದೆ.

"ಕಾಕಾ, ನಿಮ್ಮ ಕಣ್ಣಲ್ಲರಿ. ಸೌಟಿನಾಗ ನಾ ತವರ ಹಾಕಿದ್ನಿರಿ."

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು, ತವರಕ್ಕೋ ನಾನು ಮಾತಾಡಿದ್ದಕ್ಕೋ ಗೊತ್ತಿಲ್ಲ. ಮೈಬುಸಾಬರು ಗುಂಡು ಕಟ್ಟಿದ್ದ ಅರಿವೆಯ ಗಂಟು ಬಿಚ್ಚಿ, ಉಳಿದ ಗುಂಡೊಂದನ್ನು ತೆಗೆದು ಉಗುರು ಒತ್ತಿದರು. ಗೀರು ಬೀಳಲಿಲ್ಲ. ಮತ್ತೊಮ್ಮೆ ಒತ್ತಿದರು.

ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಅವರು ಬಿರಬಿರನೆ ಕುಂಬಾರರ ಮನೆಗೆ ಹೋಗಿ ಹಸಿ ಮಣ್ಣಿನ ಎರಡು ದೊಡ್ಡ ಮುದ್ದೆ ಹೊತ್ತು ತಂದರು. ಹಿತ್ತಲ ಹಾಳುಗೋಡೆಯ ಮುಂದೆ ಇಟ್ಟು, ಒಂದಕ್ಕೆ ತಮ್ಮ ಹತ್ತಿರ ಉಳಿದಿದ್ದ ಹಳೆಯ ಸೀಸದ ಗುಂಡು ಹಾರಿಸಿದರು, ಇನ್ನೊಂದಕ್ಕೆ ನನ್ನ ತವರದ್ದು. ಕುಡುಗೋಲಿನಿಂದ ಎರಡನ್ನೂ ಸೀಳಿ, "ಬಾ ಬೇಟಿ, ನೋಡು" ಎಂದು ಕರೆದರು. ಸೀಸ ಹೋದ ದಾರಿ ಒಳಗೆ ಬರಬರುತ್ತ ಸೋರೆಬುರುಡೆಯಷ್ಟು ಅಗಲವಾಗಿತ್ತು, ಅದರ ತುದಿಗೆ ಅರಳಿದ ಗುಂಡು ಕೂತಿತ್ತು. ತವರದ ದಾರಿ ಬೆರಳಷ್ಟೇ ಸಪೂರ, ನೆಟ್ಟಗೆ, ಆಚೆಗೆ. ಗುಂಡು ಹಿಂದಿನ ಗೋಡೆಯಲ್ಲಿ ಹೂತಿತ್ತು. ಕೆದರಿ ತೆಗೆದಾಗ ಇನ್ನೂ ಹೊಳೆಯುತ್ತಿತ್ತು.

"ಎದಿಗೇ ಬಿದ್ದಿತ್ತು" ಅಂದರು ಮೆಲ್ಲಗೆ. ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಆ ಚಿಗರಿ ಅಷ್ಟು ನೋವು ತಿಂದದ್ದರಾಗ ನಿಂದೊಂದು ಪಾಲು ಐತಿ, ನಂದೊಂದು ಐತಿ. ನೀ ತವರ ಹಾಕಿದಿ, ನಾ ಉಗುರು ಇಡಲಿಲ್ಲ" ಅಂದರು.

ಬಂದೂಕು ಅವರ ಹತ್ತಿರವೇ ಉಳಿಯಿತು. ಅವತ್ತಿನಿಂದ ಗುಂಡು ಹೊಯ್ದಾಗಲೆಲ್ಲ ಅಂಗೈಯಲ್ಲಿಟ್ಟು ಬಾಗಿಲಿಗೆ ತರುತ್ತಿದ್ದರು. "ಉಗುರು ಇಡು ಬೇಟಿ." ನಾನು ಒಂದೊಂದಕ್ಕೂ ಗೀರು ಹಾಕುತ್ತಿದ್ದೆ. ಆಮೇಲೆ ಮಾಂಸದಲ್ಲಿ ಸಿಕ್ಕ ಗುಂಡಿನ ಮೇಲೆ ನನ್ನ ಗೀರು ಎಲ್ಲಿ ಹೋಯಿತು ಅಂತ ಇಬ್ಬರೂ ಹುಡುಕುತ್ತಿದ್ದೆವು. ಅತ್ತೆಯೂ ನನ್ನನ್ನು ತಡೆಯಲಿಲ್ಲ.

ನಿಜಾಮನ ಆಳಿಕೆ ಮುಗಿದ ವರ್ಷ ಬಂದೂಕುಗಳನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕೆಂದು ಡಂಗುರ ಸಾರಿದರು. ಗೌಡರ ಬಂದೂಕೂ ಹೋಯಿತು. ಮೈಬುಸಾಬರು ಮಗಳ ಊರಿಗೆ ಹೊರಟರು. ಗಾಡಿ ಹತ್ತುವ ಮೊದಲು ನಶ್ಯದ ಡಬ್ಬಿಯನ್ನು ಹೊಸ್ತಿಲ ಮೇಲೆ ಇಟ್ಟರು, ನಾನು ತಾಟು ಇಡುತ್ತಿದ್ದ ಜಾಗದಲ್ಲೇ. ಮೇಲೆ ಒಂದು ಹಾರಿಸದ ಗುಂಡಿತ್ತು. "ಇದಕ್ಕಿನ್ನ ಕೆಲಸ ಇಲ್ಲ. ಆದ್ರೂ ಉಗುರು ಇಟ್ಟುಬಿಡು" ಅಂದರು. ಇಟ್ಟೆ. ನೋಡಿ ತಲೆಯಾಡಿಸಿ ಹೋದರು. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಡಬ್ಬಿ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿದೆ. ಈ ಹಾಳೆಗಳನ್ನು ಮಡಿಚಿ ಅದರ ಜೊತೆಗೇ ಇಡುತ್ತೇನೆ. ನೀವೂ ಎರಡನ್ನೂ ಬೇರೆ ಮಾಡದೆ ಜೋಪಾನ ಮಾಡಿರಿ. ಹಾಳೆ ಇಲ್ಲದಿದ್ದರೆ ಅದು ಬರೀ ಸೀಸ. ಡಬ್ಬಿಯಲ್ಲಿ ಹೊಳೆಯುವುದು ಒಂದಿದೆ, ಗೋಡೆಯಿಂದ ಕೆದರಿ ತೆಗೆದದ್ದು, ಅದು ನನ್ನ ತಪ್ಪು. ದುಂಡಗಿದ್ದು ಗೀರು ಬಿದ್ದದ್ದು ಒಂದಿದೆ, ಅದನ್ನು ಉಜ್ಜಬೇಡಿರಿ.