ಬುಧವಾರದ ಉಪವಾಸ

ನಮ್ಮ ಕ್ರೈಸ್ತ ಸಭೆಯಲ್ಲಿ ಬೈಬಲಿನ ಪತ್ರಗಳನ್ನು ಓದುವ ಕೆಲಸವನ್ನು ನನ್ನಿಂದ ಕಿತ್ತುಕೊಂಡರು. ನನಗೆ ಸಿಟ್ಟು ಜಾಸ್ತಿಯಂತೆ. ಒಂದು ಭಾನುವಾರ ಆರಾಧನೆಯ ನಡುವೆ ಎದ್ದು ನಿಂತು, ಬುಧವಾರ ಕಂಡದ್ದನ್ನು ಎಲ್ಲರೆದುರು ಹಿರಿಯರ ಮುಖಕ್ಕೇ ಹೇಳಿದೆ ಎನ್ನುವುದು ದೂರು. ಹೇಳಿದ್ದು ನಿಜ. ಆ ಪತ್ರಗಳನ್ನು ಬರೆದ ಅಪೊಸ್ತಲನೂ ತನಗಿಂತ ದೊಡ್ಡವನ ಮುಖಕ್ಕೇ ಮಾತಾಡಿದ್ದ. ಅವನ ಮಾತಿಗೆ ಚರ್ಮದ ಹೊದಿಕೆ ಹಾಕಿ ಎದೆಗವಚಿಕೊಂಡು ತಿರುಗುತ್ತಾರೆ, ನನ್ನನ್ನು ಮಾತ್ರ ಹಿಂದಿನ ಸಾಲಿಗೆ ಕಳಿಸಿದರು.

ಇದು ಇಳಕಲ್ಲಿನಲ್ಲಿ ನಡೆದದ್ದು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಾಗಲಕೋಟೆಯ ನಮ್ಮ ಹಳೆಯ ಮನೆ ಹಿನ್ನೀರಿಗೆ ಹೋದ ಮೇಲೆ ನಾನು ವರ್ಗ ಮಾಡಿಸಿಕೊಂಡು ಇಲ್ಲಿಯ ಶಾಲೆಗೆ ಶಿಕ್ಷಕಿಯಾಗಿ ಬಂದಿದ್ದೆ, ಊರಿಗೆಲ್ಲ ‘ಬಾಯಾರು’ ಆಗಿದ್ದೆ. ನಮ್ಮ ಸಭೆ ಎಂದರೆ ಹದಿನೈದು ಮನೆ, ಅಷ್ಟೇ. ಭಾನುವಾರ ಆರಾಧನೆ, ಬುಧವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಟ. ಹಾಡು, ಪ್ರಾರ್ಥನೆ, ಮೊದಲ ಕಾಲದ ಸಭೆಗಳಿಗೆ ಬರೆದ ಪತ್ರಗಳಲ್ಲಿ ಒಂದಷ್ಟು ಓದು, ಕೊನೆಗೆ ಮನೆಯವರು ಕೊಡುವ ಚಹಾ, ಚುರುಮುರಿ. ಓದು ನನ್ನದು. ಸರದಿ ಬರೆಯುವುದು ಸಭೆಗೆ ಹಿರಿಯರೆನಿಸಿದ ಒಬ್ಬರದು, ಗುಮಾಸ್ತಿಕೆ ಮಾಡಿ ನಿವೃತ್ತರಾದವರು.

ಎಲ್ಲ ಪತ್ರವನ್ನೂ ಓದುತ್ತಿದ್ದೆವು ಎಂದರೆ ಸುಳ್ಳಾದೀತು. ಕೊನೆಯಲ್ಲಿ ಬರುವ ಹೆಸರುಗಳನ್ನು ಬಿಟ್ಟುಬಿಡುತ್ತಿದ್ದೆವು. ಇಂಥವರಿಗೆ ವಂದನೆ, ಅಂಥವರಿಗೆ ವಂದನೆ ಎಂದು ಉದ್ದಕ್ಕೆ ಹೋಗುವ ಪಟ್ಟಿ ಅದು. ನಾಲಿಗೆ ಹೊರಳದ ಹೆಸರುಗಳು, ಅವುಗಳಲ್ಲಿ ಬೋಧನೆ ಏನೂ ಇಲ್ಲ ಎನ್ನುತ್ತಿದ್ದರು ಹಿರಿಯರು. ನಾನೂ ತಲೆ ಅಲ್ಲಾಡಿಸಿ ಪುಸ್ತಕ ಮುಚ್ಚುತ್ತಿದ್ದೆ.

ಇದನ್ನು ಹಿಡಿದವಳು ಓದು ಬಾರದ ಒಬ್ಬ ಹೆಣ್ಣುಮಗಳು. ನೇಕಾರರಿಗೆ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಸೀರೆ ನೇಯುವಾಗ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಯೇ ಕಂಡಿಕೆ. ಗಂಡ ಸತ್ತ ಮೇಲೆ ಸಭೆಗೆ ಸೇರಿದ್ದಳು, ಬಾಗಿಲ ಹತ್ತಿರ ಕೂರುತ್ತಿದ್ದಳು. ಕಿವಿ ಮಾತ್ರ ಭಾರಿ ಚುರುಕು. ಒಂದು ಬುಧವಾರ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಇನ್ನೂ ಒಂದು ಹಾಳೆ ಉಳಿದಿತ್ತಲ್ಲ, ಯಾಕೆ ಮುಚ್ಚಿದಿರಿ ಎಂದು ಕೇಳಿದಳು. ಬರೀ ಹೆಸರು ಅವು ಎಂದೆ. ಹೆಸರಾದರೂ ಓದಬೇಕಲ್ಲ ಎಂದಳು.

ಮರುದಿನ ಶಾಲೆ ಬಿಟ್ಟ ಮೇಲೆ ಆಕೆಯ ಮನೆಗೇ ಹೋಗಿ ಓದಿದೆ. ರಾಟೆ ತಿರುಗುತ್ತಿತ್ತು. ಬಹಳ ದುಡಿದ ಆ ಹೆಂಗಸಿಗೆ ವಂದನೆ, ನನಗೂ ತಾಯಿಯಂತಿದ್ದ ಆಕೆಗೆ ವಂದನೆ, ಆ ಗಂಡಹೆಂಡಿರಿಗೂ ಅವರ ಮನೆಯಲ್ಲಿ ಕೂಡುವ ಸಭೆಗೂ ವಂದನೆ. ಅಲ್ಲಿ ರಾಟೆ ನಿಂತಿತು. ಆ ಗಂಡಹೆಂಡಿರು ಹೊಟ್ಟೆಗೆ ಏನು ಮಾಡುತ್ತಿದ್ದರು ಎಂದು ಕೇಳಿದಳು. ಡೇರೆ ಹೊಲಿಯುತ್ತಿದ್ದರು ಎಂದೆ.

"ಅಂದ್ರ ನಮ್ಮಂಗ ಕೈಕಸಬಿನವ್ರು. ಅವರ ಮನ್ಯಾಗ ಸಭಾ ಕೂಡ್ತಿತ್ತು ಅಂದ್ರ, ನನ್ನ ಮನ್ಯಾಗ ಯಾಕ ಕೂಡಂಗಿಲ್ರಿ ಬಾಯಾರ?"

ಉತ್ತರ ನನಗೆ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ನಮ್ಮ ಅಜ್ಜಂದಿರು ಕಂಡವರ ಬಾಗಿಲಲ್ಲಿ ಬೊಗಸೆ ಒಡ್ಡಿ, ಮೇಲಿನಿಂದ ಸುರಿದ ನೀರು ಕುಡಿದವರು. ಆ ಬೊಗಸೆಯ ಅವಮಾನ ತಾಳದೆ ಈ ನಂಬಿಕೆಗೆ ಬಂದವರು. ಮೂರನೆಯ ತಲೆಮಾರಿಗೆ ನಮಗೆ ನೌಕರಿ ಬಂತು, ಕುರ್ಚಿ ಬಂತು. ಆಕೆಯ ಓಣಿ ನಮ್ಮ ಹಳೆಯ ಓಣಿಗಿಂತ ಒಂದು ಮೆಟ್ಟಿಲು ಕೆಳಗಿನದು. ಆಕೆಯ ಮನೆಯಲ್ಲಿ ನಮ್ಮವರು ಯಾರೂ ಒಂದು ಗುಟುಕು ನೀರು ಕುಡಿದಿರಲಿಲ್ಲ.

ಹಿರಿಯರನ್ನು ಕೇಳಿದೆ. ಮನೆ ಸಣ್ಣದು ಎಂದರು. ನಿಮ್ಮದೇನು ಅರಮನೆಯೇ ಎಂದೆ. ಕರೆಂಟ್ ಇರುವುದಿಲ್ಲ ಎಂದರು. ಕಂದೀಲು ನಾನೇ ತರುತ್ತೇನೆ ಎಂದೆ. ಕೊನೆಗೆ ಆಕೆಯ ಮನೆಯನ್ನು ಸರದಿಯಲ್ಲಿ ಬರೆದರು. ಮುಂದಿನ ಭಾನುವಾರ, ಸಭೆಯ ಅಗತ್ಯಗಳು ಬಹಳ ಇರುವುದರಿಂದ ಈ ಬುಧವಾರ ಉಪವಾಸ ಪ್ರಾರ್ಥನೆ ಎಂದು ಸಾರಿದರು. ಆಮೆನ್ ಎಂದವರಲ್ಲಿ ನನ್ನ ದನಿಯೇ ಜೋರಾಗಿತ್ತು, ಮಂಕು ಕವಿದಿತ್ತು ನನಗೆ. ಮದುವೆ ಸೀರೆಗಳ ಅವಸರದಲ್ಲಿ ಸಿಕ್ಕು ಆಕೆ ಅಂದು ಬಂದಿರಲಿಲ್ಲ. ಯಾರಾದರೂ ತಿಳಿಸಿಯಾರು ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರೋ, ಬೇಕೆಂದೇ ಸುಮ್ಮನಿದ್ದರೋ, ಒಬ್ಬರೂ ತಿಳಿಸಲಿಲ್ಲ.

ಬುಧವಾರ ಮನೆಗೊಬ್ಬರಂತೆ ಎಲ್ಲರೂ ಆಕೆಯ ಮನೆಗೆ ಬಂದರು. ನೆಲ ಸಾರಿಸಿ, ರಾಟೆಯನ್ನು ಮೂಲೆಗೆ ಸರಿಸಿ, ಪಕ್ಕದ ಮನೆಯ ಜಮಖಾನೆ ತಂದು ಹಾಸಿದ್ದಳು. ಗೂಡಿನಲ್ಲಿ ಹೊಸ ಸ್ಟೀಲ್ ಲೋಟಗಳ ಸಾಲಿತ್ತು, ಒಂದೆರಡಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಹಳೆಯ ಲೋಟದಲ್ಲಿ ಕೊಟ್ಟರೆ ನಾವು ಕುಡಿಯಲಿಕ್ಕಿಲ್ಲ ಎಂದು ಆಕೆಗೆ ಗೊತ್ತಿತ್ತು.

ಅಂದಿನ ಓದಿಗೆ ಸರಿಯಾಗಿ ಬಂದದ್ದು ಪಂಕ್ತಿಯ ಜಗಳದ ಭಾಗ. ಹಿರಿಯ ಅಪೊಸ್ತಲನೊಬ್ಬ ಹೊರಗಿನವರ ಜೊತೆ ಕೂತು ಉಣ್ಣುತ್ತಿದ್ದ. ತನ್ನ ಕಡೆಯ ಜನ ಬಂದದ್ದೇ ತಡ, ಅಂಜಿ ಪಂಕ್ತಿ ಬಿಟ್ಟ. ಪತ್ರ ಬರೆದವನು ಅದನ್ನು ಎಲ್ಲರ ಮುಂದೆ ಖಂಡಿಸಿದ. ಸ್ಪಷ್ಟವಾಗಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಓದಿದೆ. ಇದು ಆ ಕಾಲದ ಧರ್ಮಶಾಸ್ತ್ರದ ವಿಚಾರ ಎಂದು ಹಿರಿಯರು ವಿವರಿಸಿದರು. ಆ ಪತ್ರಗಳನ್ನು ಬರೆದದ್ದೇ ಇಂಥದಕ್ಕೆ. ಯಾರ ಜೊತೆ ಕೂತು ಉಂಡಿರಿ, ಯಾರನ್ನು ಹಸಿದಿರಲು ಬಿಟ್ಟಿರಿ, ಯಾರಿಗೆ ಒಳ್ಳೆಯ ಜಾಗ ಕೊಟ್ಟಿರಿ ಎಂದು ಗದರಿಸಲು. ನಾವು ಆ ಗದರಿಕೆಗೆ ರಾಗ ಕಟ್ಟಿ ಓದಿ ಮನೆಗೆ ಹೋಗುತ್ತೇವೆ.

ಪ್ರಾರ್ಥನೆ ಮುಗಿದು ಆಕೆ ಒಂದು ಪರಾತದಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಗೋಧಿ ಬೆಲ್ಲದ ಮಾದಲಿ ತಂದಳು. ಹಿರಿಯರು ಕೈ ಅಡ್ಡ ಹಿಡಿದರು.

"ಇವತ್ತ ಉಪವಾಸ ಐತಿ ತಂಗಿ. ದೇವರ ಕೆಲಸ, ತಪ್ಪ ತಿಳಕೋಬ್ಯಾಡ."

ಒಬ್ಬೊಬ್ಬರಾಗಿ ಎಲ್ಲರೂ ಕೈ ಅಡ್ಡ ಹಿಡಿದರು. ನಾನೂ ಹಿಡಿದೆ. ಆಕೆ ಪರಾತಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಕಾಯಿಪಲ್ಲೆ ತರಲೆಂದು ನಾನು ಬಸ್ ನಿಲ್ದಾಣದ ಕಡೆ ಹೋದೆ. ಅಂದು ಕೂಟ ಬೇಗ ಮುಗಿದಿದ್ದರಿಂದ ಇನ್ನೂ ಹೊತ್ತು ಮುಳುಗಿರಲಿಲ್ಲ. ಗಾಡಿಯ ಮುಂದೆ ನಿಂತು ಹಿರಿಯರು ಮತ್ತಿಬ್ಬರ ಜೊತೆ ಮಿರ್ಚಿ ಭಜಿ ತಿನ್ನುತ್ತಿದ್ದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರೆ, ನಮ್ಮವರಿಗೆ ಬದನೆಕಾಯಿಯೂ ಸಾಲಲಿಲ್ಲ. ನನ್ನನ್ನು ಕಂಡು ಬಾಯಿ ಒರೆಸಿಕೊಂಡು, ಪ್ರಾರ್ಥನೆ ಮುಗಿದರೆ ಉಪವಾಸವೂ ಮುಗಿದಂತೆ ಎಂದರು. ಪಿತ್ತ ನೆತ್ತಿಗೇರಿತು. ಆ ಉಪವಾಸ ದೇವರಿಗಲ್ಲ, ಆ ಲೋಟಗಳಿಗೆ ಎಂದು ಆಗ ಹೊಳೆಯಿತು. ಅವರ ಮೇಲಿನ ಸಿಟ್ಟಿಗಿಂತ, ಅಡ್ಡ ಹಿಡಿದ ನನ್ನ ಕೈಯ ಮೇಲಿನ ಸಿಟ್ಟು ದೊಡ್ಡದಿತ್ತು.

ಬರಿಗೈಯಲ್ಲೇ ತಿರುಗಿ ಆಕೆಯ ಮನೆಗೆ ಹೋದೆ. ಹದಿನೈದು ಲೋಟ ಚಹಾ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಆಕೆ ಪರಾತದ ಎದುರು ಕೂತಿದ್ದಳು. ನನಗೊಂದು ಲೋಟ ಕೊಡು, ಉಪವಾಸ ಬಿಟ್ಟಿದ್ದೇನೆ ಎಂದೆ.

ಆಕೆ ಒಂದು ಲೋಟ ಎತ್ತಿ ನನ್ನ ಕೈಗಿಟ್ಟಳು. ನನ್ನ ಮುಖ ನೋಡಲಿಲ್ಲ.

"ಉಪವಾಸ ನೀವೆಲ್ಲಿ ಮಾಡಿದ್ರಿ ಬಾಯಾರ? ಮಾಡಿದಾಕಿ ನಾ. ಎಲ್ಲಾರ ಜೋಡಿ ಕುಂತ ತಿನ್ನೋಣಂತ ಮುಂಜಾನಿಂದ ಬಾಯಾಗ ಏನೂ ಹಾಕಿಲ್ಲ."